ಹದಿಮೂರು ವಾರದ ಋಣ

1994ರ ಮೇ ತಿಂಗಳು. ಮಗಳ ಮೊದಲ ಬಾಣಂತನಕ್ಕೆಂದು ಸಾಗರದಿಂದ ನ್ಯೂಜೆರ್ಸಿಗೆ ಹೋಗಿದ್ದೆ. ಕೂಸಿಗೆ ಎಣ್ಣೆ ತಿಕ್ಕಿ ನೀರೆರೆದು, ಬಾಣಂತಿಗೆ ಊಟ ಹಾಕಿ, ಬಟ್ಟೆ ಮಡಚಿಡುವಷ್ಟರಲ್ಲಿ ಮಧ್ಯಾಹ್ನ 3 ಗಂಟೆ. ಸರಿಯಾಗಿ ಆ ಹೊತ್ತಿಗೆ ಎಬಿಸಿ ಚಾನೆಲ್ಲಿನಲ್ಲಿ 'ಜನರಲ್ ಹಾಸ್ಪಿಟಲ್' ಶುರುವಾಗುತ್ತಿತ್ತು. ಅವರ ಇಂಗ್ಲಿಷು ನನಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಮಗಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಯಾರು ಯಾರಿಗೆ ಏನಾಗಬೇಕು ಎಂದು ಮೆಲ್ಲಗೆ ಹೇಳಿಕೊಡುತ್ತಿದ್ದಳು.

ಆ ದಿನಗಳಲ್ಲಿ ನಡೆಯುತ್ತಿದ್ದದ್ದು ಬಿ.ಜೆ. ಎಂಬ ಹುಡುಗಿಯ ಕಥೆ. ಅವಳ ಅಪ್ಪ ಟೋನಿ ಜೋನ್ಸ್ ಅದೇ ಆಸ್ಪತ್ರೆಯ ಡಾಕ್ಟರು. ಶಾಲೆಯ ಬಸ್ಸು ಅಪಘಾತಕ್ಕೆ ಸಿಕ್ಕು ಹುಡುಗಿಯ ಮಿದುಳು ಸತ್ತಿದೆ. ಇತ್ತ ಟೋನಿಯ ತಮ್ಮನ ಮಗಳು ಮ್ಯಾಕ್ಸಿಯ ಹೃದಯ ಕೆಟ್ಟು, ಬೇರೊಂದು ಹೃದಯ ಸಿಗದಿದ್ದರೆ ಅವಳೂ ಉಳಿಯುವುದಿಲ್ಲ. ಅಪ್ಪ ಅಮ್ಮ ಮಗಳ ಹೃದಯವನ್ನು ಅವಳಿಗೆ ಕೊಡಲು ಒಪ್ಪುತ್ತಾರೆ. ಆಪರೇಷನ್ ಆದಮೇಲೆ ಟೋನಿ ಮ್ಯಾಕ್ಸಿಯ ಹಾಸಿಗೆಯ ಹತ್ತಿರ ಬರುತ್ತಾನೆ. ಬಾಗಿ ಅವಳ ಎದೆಯ ಮೇಲೆ ತಲೆ ಇಟ್ಟು ಕಿವಿಗೊಡುತ್ತಾನೆ. ಅಲ್ಲಿ ಬಡಿಯುತ್ತಿರುವುದು ಅವನ ಮಗಳ ಹೃದಯ. ಅದನ್ನು ನನಗೆ ಮಗಳು ಬಿಡಿಸಿ ಹೇಳಬೇಕಾಗಲಿಲ್ಲ. ಹೇಳುವ ಸ್ಥಿತಿಯಲ್ಲಿ ಅವಳೂ ಇರಲಿಲ್ಲ.

ಮರುದಿನ ಪಕ್ಕದ ಮನೆಯ ಅಜ್ಜಿ ಮಗುವನ್ನು ನೋಡಲು ಬಂದಳು. ಮದುವೆಯಾಗಿ ಬಂದಾಗಿನಿಂದ ಮಧ್ಯಾಹ್ನದ ಧಾರಾವಾಹಿಗಳನ್ನು ತಪ್ಪಿಸದವಳು. ನಿನ್ನೆ ನೋಡಿದಿರಾ ಎಂದು ಮಗಳು ಕೇಳಿದ್ದಕ್ಕೆ ಆಕೆ ನಟರ ಹೆಸರು ಎತ್ತಲೇ ಇಲ್ಲ. "ಕ್ಲೇರ್ ಲಬೀನ್" ಎಂದಳು, ನಮ್ಮಲ್ಲಿ ಹಿರಿಯರು ಒಳ್ಳೆಯ ವೈದ್ಯರ ಹೆಸರು ಹೇಳುವ ಧಾಟಿಯಲ್ಲಿ. ಧಾರಾವಾಹಿಗೆ ಒಬ್ಬರು ಹೆಡ್ ರೈಟರ್ ಇರುತ್ತಾರೆ, ನೋಡುವವರು ಅವರನ್ನು ಹೆಸರು ಹಿಡಿದು ನೆನೆಯುತ್ತಾರೆ ಎಂದು ನನಗೆ ತಿಳಿದದ್ದು ಅವತ್ತು. ಆಮೇಲೆ ಅಂಗಡಿಗೆ ಹೋದಾಗಲೆಲ್ಲ ದುಡ್ಡು ಕೊಡುವ ಕೌಂಟರಿನ ಪಕ್ಕ ತೂಗುಹಾಕಿದ 'ಸೋಪ್ ಒಪೆರಾ ಡೈಜೆಸ್ಟ್' ಪತ್ರಿಕೆಯನ್ನು ತಿರುವಿಹಾಕುವುದು ರೂಢಿಯಾಯಿತು.

ಹೆಡ್ ರೈಟರ್ ಅಂದರೆ ಕೂತು ಡೈಲಾಗ್ ಬರೆಯುವವರಷ್ಟೇ ಅಲ್ಲ. ಮುಂದಿನ ಆರು ತಿಂಗಳು, ಒಂದು ವರ್ಷ ಯಾರ ಬಾಳು ಎತ್ತ ಹರಿಯಬೇಕು ಎಂಬ ಉದ್ದದ ಕಥೆ ಹೆಣೆಯುವವರು. ಅದನ್ನು ದಿನದಿನದ ಎಪಿಸೋಡುಗಳಾಗಿ ಒಡೆಯುವವರು ಬೇರೆ, ಮಾತು ಬರೆಯುವವರು ಬೇರೆ. ವಾರಕ್ಕೆ 5 ಎಪಿಸೋಡು, ವರ್ಷಕ್ಕೆ ಸುಮಾರು 250, ನಮ್ಮ ಧಾರಾವಾಹಿಗಳ ಹಾಗೆ ಇಂಥ ದಿನ ಮುಗಿಸಬೇಕೆಂಬ ಲೆಕ್ಕವೂ ಇಲ್ಲ. ಇಷ್ಟು ದೂರದ ಪ್ರಯಾಣಕ್ಕೆ ಹೊರಟವರ ಕೈಗೆ ಕೊಡುತ್ತಿದ್ದ ಕರಾರು ಎಂಥದ್ದು? 13 ವಾರಗಳ ಲೆಕ್ಕದ್ದು. ಪ್ರತಿ 13 ವಾರಕ್ಕೋ 26 ವಾರಕ್ಕೋ ಮುಂದುವರಿಸಬೇಕೇ ಕೈಬಿಡಬೇಕೇ ಎಂದು ತೀರ್ಮಾನ. ನೀಲ್ಸನ್ ಕಂಪನಿಯ ರೇಟಿಂಗ್ ಸ್ವಲ್ಪ ಇಳಿದರೆ ಮೊದಲು ಕಣ್ಣು ಬೀಳುತ್ತಿದ್ದುದು ಹೆಡ್ ರೈಟರ್ ಮೇಲೆ. ಅಡಿಕೆ ತೋಟ ಮಾಡಿದ ಮನೆಯಲ್ಲಿ ಹುಟ್ಟಿದವಳು ನಾನು. ಸಸಿ ನೆಟ್ಟು 13 ವಾರಕ್ಕೆ ಅಡಿಕೆ ಗೊನೆ ಎಲ್ಲಿ ಎಂದು ಕೇಳಿದರೆ ತೋಟದವನು ಏನು ಹೇಳಬೇಕು?

ನಮ್ಮ ಕಡೆ ಯಕ್ಷಗಾನದ ಆಟದಲ್ಲಿಯೂ ಇಡೀ ರಾತ್ರಿ ಒಬ್ಬರೇ ಭಾಗವತರು ಹಾಡುವುದಿಲ್ಲ. ಮೊದಲು ಕಿರಿಯರು ಹಾಡಿ, ರಾತ್ರಿ ಏರಿದ ಮೇಲೆ ಮುಖ್ಯ ಭಾಗವತರು ಬಂದು ಕೂರುತ್ತಾರೆ. ತಾಳ ಕೈ ಬದಲಾಯಿಸಿದರೂ ಆಟ ಕೆಡುವುದಿಲ್ಲ. ಯಾಕೆಂದರೆ ಪ್ರಸಂಗ ಎಲ್ಲರಿಗೂ ಗೊತ್ತು. ಕೀಚಕ ಉಳಿಯುವುದಿಲ್ಲವೆಂದು ಚಾಪೆಯ ಮೇಲೆ ನಿದ್ದೆಗಣ್ಣಿನಲ್ಲಿ ಕೂತ ಮಗುವಿಗೂ ಗೊತ್ತು. ಸೋಪ್ ಒಪೆರಾ ಎಂದು ಅಲ್ಲಿ ಕರೆಯುವ ಈ ಧಾರಾವಾಹಿಗಳಲ್ಲಿ ಹಾಗಲ್ಲ. ಪ್ರಸಂಗದ ಮುಂದಿನ ಪುಟಗಳು ಒಬ್ಬರ ತಲೆಯಲ್ಲಿವೆ. ಇವತ್ತು ಒಬ್ಬ ತಾಯಿ ಯಾವುದೋ ಹೆಸರು ಕೇಳಿ ಲೋಟ ಕೆಳಗಿಡುತ್ತಾಳೆ. ಯಾಕೆಂದು ತಿಳಿಯುವುದು ಎಂಟು ತಿಂಗಳ ಮೇಲೆ. ನಡುವೆ ಬರೆಯುವವರು ಬದಲಾದರೆ ಆ ಲೋಟ ಅಲ್ಲೇ ಉಳಿಯಿತು.

ಇದೆಲ್ಲ ಶುರುವಾದದ್ದು ಅರ್ನಾ ಫಿಲಿಪ್ಸ್ ಅವರಿಂದ. 1930ರಲ್ಲಿ ಶಿಕಾಗೊದ ಡಬ್ಲ್ಯುಜಿಎನ್ ರೇಡಿಯೊಗೆ 'ಪೇಂಟೆಡ್ ಡ್ರೀಮ್ಸ್' ಬರೆದರು. 1937ರಲ್ಲಿ 'ಗೈಡಿಂಗ್ ಲೈಟ್', ಅದು ರೇಡಿಯೊದಿಂದ ಟಿವಿಗೆ ಬಂದು 2009ರವರೆಗೆ ನಡೆಯಿತು. 1956ರ ಏಪ್ರಿಲ್ 2ರಂದು ಶುರುವಾದ 'ಆ್ಯಸ್ ದ ವರ್ಲ್ಡ್ ಟರ್ನ್ಸ್' ಅರ್ಧ ಗಂಟೆಯದು. ಆವರೆಗೆ ಟಿವಿ ಸೋಪುಗಳು 15 ನಿಮಿಷ ಬರುತ್ತಿದ್ದವು. ಫಿಲಿಪ್ಸ್ ಕೈಯಲ್ಲಿ ಬರೆದವರಲ್ಲ. ಕೋಣೆಯಲ್ಲಿ ಓಡಾಡುತ್ತ ಪ್ರತಿ ಪಾತ್ರದ ದನಿಯಲ್ಲೂ ತಾವೇ ಮಾತಾಡುತ್ತಿದ್ದರು, ಸೆಕ್ರೆಟರಿ ಬರೆದುಕೊಳ್ಳುತ್ತಿದ್ದಳು. ಅಂಥವರನ್ನು 1973ರಲ್ಲಿ, ಅವರೇ ಹೆತ್ತ 'ಆ್ಯಸ್ ದ ವರ್ಲ್ಡ್ ಟರ್ನ್ಸ್'ನಿಂದ ತೆಗೆದರು. ಕಥೆ ಜನಕ್ಕೆ ಹಿಡಿಸಿರಲಿಲ್ಲ, ನಿಜ. ಆ ವರ್ಷ ಮುಗಿಯುವುದರೊಳಗೆ ಅವರು ತೀರಿಕೊಂಡರು. ಮನೆ ಕಟ್ಟಿಸಿದ ಹಿರಿಯರನ್ನು ಜಗುಲಿಯಿಂದ ಎಬ್ಬಿಸಿದ ಹಾಗೆ ನನಗೆ ಅನ್ನಿಸುತ್ತದೆ.

ಬದಲಾವಣೆಯೇ ಕೂಡದು ಎನ್ನುತ್ತಿಲ್ಲ. 'ಜನರಲ್ ಹಾಸ್ಪಿಟಲ್' 1970ರ ದಶಕದ ಕೊನೆಗೆ ಮುಚ್ಚುವ ಅಂಚಿಗೆ ಬಂದಿದ್ದಾಗ ಅದನ್ನು ಎತ್ತಿ ನಿಲ್ಲಿಸಿದ್ದು ಹೊಸ ಪ್ರೊಡ್ಯೂಸರ್ ಗ್ಲೋರಿಯಾ ಮಾಂಟಿ, ಜೊತೆಗೆ ಹೆಡ್ ರೈಟರ್ ಡಗ್ಲಸ್ ಮಾರ್ಲಂಡ್. ಈ ಮಾರ್ಲಂಡ್ ನನಗೆ ಬಹಳ ಇಷ್ಟದ ಮನುಷ್ಯ. ಆಮೇಲೆ 'ಗೈಡಿಂಗ್ ಲೈಟ್'ಗೆ ಹೋಗಿ, ಬಾಡಿಗೆ ಕೋಣೆಗಳ ಮನೆ ನಡೆಸುವ ಹೆಂಗಸಿನ ಮಗಳು ನೋಲಾ ಎಂಬವಳನ್ನು ಹುಟ್ಟಿಸಿದರು. ಹಳೆಯ ಸಿನಿಮಾಗಳ ಕನಸಿನಲ್ಲಿ ತಾನೇ ನಾಯಕಿಯಾಗುತ್ತಿದ್ದ ಹುಡುಗಿ ಅವಳು. 1982ರಲ್ಲಿ ಮೇಲಿನವರೊಡನೆ ಜಗಳವಾಗಿ ಮಾರ್ಲಂಡ್ ಬಿಟ್ಟರು. 1985ರಿಂದ 'ಆ್ಯಸ್ ದ ವರ್ಲ್ಡ್ ಟರ್ನ್ಸ್' ಅವರ ಕೈಗೆ ಬಂತು. 1993ರಲ್ಲಿ ಸಾಯುವವರೆಗೆ ಅದನ್ನೇ ಬರೆದರು. ಒಂದು ಧಾರಾವಾಹಿಯನ್ನು ಹಾಳು ಮಾಡದಿರುವುದು ಹೇಗೆ ಎಂದು ಹೊಸದಾಗಿ ಬರುವವರಿಗೆ ಒಂದು ಪಟ್ಟಿ ಮಾಡಿಟ್ಟಿದ್ದರು. ಮೊದಲು ಧಾರಾವಾಹಿಯನ್ನು ನೋಡಿ, ಅದರ ಹಳೆಯ ಕಥೆ ಕಲಿಯಿರಿ, ಜನರ ಕಾಗದಗಳನ್ನು ಓದಿ, ಬೇರಿನಂಥ ಪಾತ್ರಗಳ ಸ್ವಭಾವ ಬದಲಿಸಬೇಡಿ, ಹೊಸಬರನ್ನು ನಿಧಾನವಾಗಿ ತನ್ನಿ, ಆರು ತಿಂಗಳು ಯಾರನ್ನೂ ಕೆಲಸದಿಂದ ತೆಗೆಯಬೇಡಿ ಎಂಬ ಅರ್ಥದ್ದು. ಹೊಸ ಸೊಸೆಗೆ ನಮ್ಮಮ್ಮ ಹೇಳುತ್ತಿದ್ದ ಮಾತೂ ಇದೇ. ಒಂದು ವರ್ಷ ಸುಮ್ಮನೆ ನೋಡು, ಆಮೇಲೆ ಡಬ್ಬಗಳ ಜಾಗ ಬದಲಿಸು. ಮಾರ್ಲಂಡ್ ಬರೆದದ್ದು ಹೊಸ ಬರಹಗಾರರಿಗೆ. ಬರಹಗಾರರನ್ನು ತೆಗೆಯುವವರೂ ಓದಬಹುದಿತ್ತು.

ಹೆನ್ರಿ ಸ್ಲೆಸರ್ 15 ವರ್ಷ ಬರೆದವರು. ಅಷ್ಟು ವರ್ಷ ಇದ್ದವರನ್ನು ಬೇಗ ತೆಗೆದರು ಎನ್ನಬಹುದೇ? ನಾನು ಹೌದೆನ್ನುತ್ತೇನೆ. 'ದಿ ಎಡ್ಜ್ ಆಫ್ ನೈಟ್' ಕೊಲೆ, ಕೋರ್ಟು, ಪತ್ತೇದಾರಿಯ ಧಾರಾವಾಹಿ; ಸ್ಲೆಸರ್ ಹಿಚ್‌ಕಾಕ್ ಟಿವಿ ಸರಣಿಗೂ ಬರೆದ ಕೈ. 1968ರಿಂದ ಸುಳಿವು ಬಿಟ್ಟು, ಗಂಟು ಹಾಕಿ, ಗಂಟು ಬಿಚ್ಚಿ ನಡೆಸಿದರು. 1983ರಲ್ಲಿ ಅವರನ್ನು ಬದಲಿಸಿದರು. 1984ರ ಡಿಸೆಂಬರ್ 28ಕ್ಕೆ ಧಾರಾವಾಹಿಯೇ ಮುಗಿಯಿತು. ಹಲವು ಊರಿನ ಸ್ಟೇಷನ್‌ಗಳು ಅದನ್ನು ಪ್ರಸಾರ ಮಾಡುವುದನ್ನೇ ನಿಲ್ಲಿಸಿದ್ದವು, ಆದ್ದರಿಂದ ಪೂರ್ತಿ ಹೊಣೆಯನ್ನು ಹೊಸಬರ ತಲೆಗೆ ಕಟ್ಟಲಾರೆ. ಆದರೆ ಕೊನೆಯ ಗಂಟು ಬಿಚ್ಚಲು ಗಂಟು ಹಾಕಿದವರೇ ಇರಬೇಕಿತ್ತು.

ವಿಲಿಯಂ ಬೆಲ್ ಅವರದು ಮಾತ್ರ ಬೇರೆ ಅದೃಷ್ಟ. 'ದ ಯಂಗ್ ಆ್ಯಂಡ್ ದ ರೆಸ್ಟ್‌ಲೆಸ್' 1973ರಲ್ಲಿ ಶುರು, 1998ರವರೆಗೆ ಅವರೇ ಹೆಡ್ ರೈಟರ್. ಅದು ರೇಟಿಂಗ್‌ನಲ್ಲಿ ಮೊದಲ ಸ್ಥಾನಕ್ಕೆ ಏರಿ ನೆಲೆ ನಿಂತದ್ದು 1988ರಲ್ಲಿ. ಅಂದರೆ 15 ವರ್ಷ ಹಿಡಿಯಿತು. ಅಷ್ಟು ಕಾಲ ಅವರನ್ನು ಅಲುಗಾಡಿಸದೆ ಬಿಟ್ಟರು, ಇಷ್ಟೇ.

ಲಬೀನ್ ಅವರಿಗೆ ಅಷ್ಟು ಸಿಗಲಿಲ್ಲ. 'ಜನರಲ್ ಹಾಸ್ಪಿಟಲ್'ಗೆ ಬಂದದ್ದು 1993ರಲ್ಲಿ. ಬಿ.ಜೆ. ಕಥೆ ಆದಮೇಲೆ ಡಾಕ್ಟರ್ ಮೋನಿಕಾಳಿಗೆ ಸ್ತನದ ಕ್ಯಾನ್ಸರು. 1995ರಲ್ಲಿ ಸ್ಟೋನ್ ಎಂಬ ಹುಡುಗ ಏಡ್ಸ್‌ನಿಂದ ಸಾಯುತ್ತಾನೆ. ಕಣ್ಣು ಹೋಗಿದ್ದ ಅವನಿಗೆ ಕೊನೆಯ ಗಳಿಗೆಯಲ್ಲಿ ಒಂದು ಕ್ಷಣ ರಾಬಿನ್ ಮುಖ ಕಾಣುತ್ತದೆ. ಅವನನ್ನು ಪ್ರೀತಿಸಿದ ಆ ಎಳೆಯ ಹುಡುಗಿಗೂ ಎಚ್‌ಐವಿ ತಗಲಿರುತ್ತದೆ. ಇದನ್ನು ಹಗಲು ಹೊತ್ತಿನಲ್ಲಿ, ಮನೆಮಂದಿಯ ಮುಂದೆ ಹೇಳಿದರು. ಇನ್ನೂ ಒಂದು ತಲೆಮಾರು ಹಿಂದೆ, 1962ರಲ್ಲಿ, ಆಗ್ನೆಸ್ ನಿಕ್ಸನ್ 'ಗೈಡಿಂಗ್ ಲೈಟ್'ನಲ್ಲಿ ಗರ್ಭಕೋಶದ ಕ್ಯಾನ್ಸರಿನ ಕಥೆ ಬರೆದಾಗ 'ಕ್ಯಾನ್ಸರ್' ಎಂಬ ಶಬ್ದ, 'ಗರ್ಭಕೋಶ' ಎಂಬ ಶಬ್ದ ಬಾಯಲ್ಲಿ ಬರಕೂಡದು ಎಂಬ ಷರತ್ತಿತ್ತು. ಅಲ್ಲಿಂದ ಇಲ್ಲಿಗೆ ಬಂದ ದಾರಿ ಸಣ್ಣದಲ್ಲ. 1995ರಲ್ಲಿ ಲಬೀನ್ ತಂಡಕ್ಕೆ ಎಮ್ಮಿ ಪ್ರಶಸ್ತಿ ಬಂತು. 1996ರಲ್ಲಿ ಅವರ ಕಾಲ ಮುಗಿಯಿತು. ರಾಬಿನ್ ಮುಂದೆಯೂ ಬದುಕಿದಳು, 2005ರಲ್ಲಿ ಡಾಕ್ಟರಾಗಿ ಮರಳಿ ಬಂದಳು. ಕಾಯಿಲೆಯೊಂದಿಗೆ ಬದುಕುವುದನ್ನು ಕಲಿಯುತ್ತಿದ್ದ ಆ ಮೊದಲ ವರ್ಷಗಳನ್ನು ಮಾತ್ರ ಲಬೀನ್ ಅವರ ಕೈಯಿಂದ ನೋಡಬೇಕಿತ್ತು ಎಂಬ ಆಸೆ ನನ್ನಲ್ಲಿ ಉಳಿದೇಹೋಯಿತು.

1997ರಲ್ಲಿ ಎರಡನೆಯ ಬಾಣಂತನಕ್ಕೆ ಹೋದಾಗ ಅದೇ ಆಸ್ಪತ್ರೆ, ಅವೇ ಎಷ್ಟೋ ಮುಖಗಳು ಟಿವಿಯಲ್ಲಿದ್ದವು. ಆದರೆ ಊಟದ ಮೇಜಿನ ಮಾತು ಕಡಿಮೆಯಾಗಿತ್ತು, ಪಿಸ್ತೂಲು ಹೆಚ್ಚಾಗಿತ್ತು. ಪಕ್ಕದ ಮನೆಗೆ ಹೋದೆ. ನನ್ನ ಮುಖ ನೋಡಿಯೇ ಅಜ್ಜಿಗೆ ಗೊತ್ತಾಗಿರಬೇಕು. ಒಳಗಿನಿಂದ ವಿಸಿಆರ್ ಕ್ಯಾಸೆಟ್ಟೊಂದನ್ನು ತಂದಳು. ಬೆನ್ನಿನ ಮೇಲೆ ನೀಲಿ ಪೆನ್ನಿನಲ್ಲಿ 'ರಯಾನ್ಸ್ ಹೋಪ್' ಎಂದು ಬರೆದಿತ್ತು.

ಅದು ಲಬೀನ್ ಮತ್ತು ಪಾಲ್ ಅವಿಲಾ ಮೇಯರ್ 1975ರಲ್ಲಿ ಹುಟ್ಟಿಸಿದ ಧಾರಾವಾಹಿ. ನ್ಯೂಯಾರ್ಕಿನಲ್ಲಿ ಒಂದು ಆಸ್ಪತ್ರೆ, ಎದುರಿಗೆ ಐರ್ಲೆಂಡಿನಿಂದ ಬಂದ ಜಾನಿ ಮತ್ತು ಮೇವ್ ರಯಾನ್ ದಂಪತಿಯ ಬಾರು, ಅವರ ಮಕ್ಕಳು. ಹಣವಂತರ ಬಂಗಲೆಯಲ್ಲ; ದುಡಿದು ತಿನ್ನುವ, ಜಗಳವಾಡಿ ಒಂದಾಗುವ ಮನೆ. ಮುಂದೆ ಎಬಿಸಿ ಅದನ್ನು ಕೊಂಡುಕೊಂಡಿತು. 1982ರಲ್ಲಿ ಇಬ್ಬರನ್ನೂ ತೆಗೆದರು. ಅವರು ಹೋದಮೇಲೆ ಕರ್ಕ್‌ಲಂಡ್ ಎಂಬ ಶ್ರೀಮಂತ ಮನೆತನ ಬಂದು ಕಥೆಯ ನಡುಮನೆಯಲ್ಲಿ ಕೂತಿತು, ರಯಾನರು ತಮ್ಮದೇ ಧಾರಾವಾಹಿಯಲ್ಲಿ ಮೂಲೆ ಸೇರಿದರು. ಮರುವರ್ಷ ಅವರಿಬ್ಬರನ್ನೇ ಮತ್ತೆ ಕರೆಸಿದರು, ಕರ್ಕ್‌ಲಂಡರು ಹೊರಟರು. ಅದೇ ವರ್ಷದ ಕೊನೆಗೆ ಮತ್ತೆ ಬದಲಾವಣೆ. 1987ರಲ್ಲಿ ಲಬೀನ್ ಇನ್ನೊಮ್ಮೆ ಬಂದರು. ಅಷ್ಟರಲ್ಲಿ ನೋಡುವವರು ಚೆದುರಿದ್ದರು. 1989ರ ಜನವರಿ 13ರಂದು ಕೊನೆಯ ಎಪಿಸೋಡು.

ಅಜ್ಜಿಯ ಕ್ಯಾಸೆಟ್ಟಿನಲ್ಲಿದ್ದದ್ದು ಅದು. ಬಾರಿನಲ್ಲಿ ಮನೆಯವರೆಲ್ಲ ಸೇರಿದ್ದಾರೆ. ಮೇವ್ ಪಾತ್ರದ ಹೆಲೆನ್ ಗ್ಯಾಲಘರ್ 'ಡ್ಯಾನಿ ಬಾಯ್' ಹಾಡುತ್ತಾರೆ. ನಾಡು ಬಿಟ್ಟು ಬಂದ ತಾಯಿಯ ಹಾಡು ಎಂದು ಕೇಳಿದರೇ ಗೊತ್ತಾಗುತ್ತಿತ್ತು. ಯಾರ ಕಥೆಯನ್ನೂ ಅವಸರದಲ್ಲಿ ಮುಗಿಸುವ ಗಡಿಬಿಡಿ ಅಲ್ಲಿರಲಿಲ್ಲ.

"ಆಕೆಯೇ ಬರೆದದ್ದು" ಎಂದಳು ಅಜ್ಜಿ. "ಕಡೇಪಕ್ಷ ಇದನ್ನು ಆಕೆಯೇ ಬರೆದಳು."

ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಸೆರಗಿನ ತುದಿಯಿಂದ ನಾವು ಒರೆಸುವ ಹಾಗೆ ಆಕೆ ಏಪ್ರನ್ನಿನ ತುದಿಯಿಂದ ಅದನ್ನು ಒರೆಸಿ ಡಬ್ಬಿಗೆ ಹಾಕಿದಳು. ಅಷ್ಟರಲ್ಲಿ ಬೇಲಿಯಾಚೆ ಮಗು ಅಳುವುದು ಕೇಳಿತು, ನಾನು ಎದ್ದೆ.