ದೋಣಿ ಕಥೆ 4: ಎಣ್ಣಿ ಅಲ್ಲ, ಚಾ

ಮೊದಲ ಫೋಟೋದಲ್ಲಿ ಐಸ್‌ಕ್ರೀಂ ಡಬ್ಬದಲ್ಲಿ ಕಾಣ್ತಿರೋದು ಚಾ ಅಲ್ಲ ಮಾರಾಯ್ರೆ. ಅದು ನಮ್ಮ ನಾಡದೋಣಿಯ ಎಂಜಿನ್ನಿನ ಗೇರ್ ಆಯಿಲ್. ಜೇನಿನ ಬಣ್ಣ ಇರಬೇಕಿತ್ತು. ಹಾಲು ಹಾಕಿದ ಚಾ ಥರ ಆಗಿದೆ ಅಂದ್ರೆ ಒಳಗೆ ಉಪ್ಪುನೀರು ಹೊಕ್ಕಿದೆ ಅಂತ ಅರ್ಥ. ಯಾರಿಂದ ಹೊಕ್ಕಿತು ಅನ್ನೋದೇ ಈ ಸಲದ ಕಥೆ. ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ.

ಕಳೆದ ಪೋಸ್ಟಿಗೆ "ಔಟ್‌ಬೋರ್ಡ್ ಅಂದ್ರೆ ಎಂತ" ಅಂತ ಕೇಳಿದ ನಮ್ಮ ಕ್ಲಾಸಿನ ಘಟ್ಟದ ಮೇಲಿನವರಿಗೆ ಮೊದಲು ಎರಡು ಮಾತು. ದೋಣಿಯ ಹಿಂದೆ ನೇತುಹಾಕುವ ಎಂಜಿನ್ ಅದು. ಮೇಲ್ಗಡೆ ತಲೆ, ಅಲ್ಲಿಂದ ನೇರ ಕೆಳಗಿಳಿಯೋ ಒಂದು ಶಾಫ್ಟ್, ನೀರೊಳಗೆ ಮುಷ್ಟಿಯಷ್ಟು ದೊಡ್ಡ ಗೇರ್ ಡಬ್ಬಿ, ಅದರ ಹಿಂದೆ ಫ್ಯಾನು. ನಾವು ಫ್ಯಾನು ಅಂತೀವಿ, ಪುಸ್ತಕದಲ್ಲಿ ಪ್ರೊಪೆಲ್ಲರ್. ನಮ್ಮದು ಟೂ ಸ್ಟ್ರೋಕ್, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ಆ ಗೇರ್ ಡಬ್ಬಿಗೆ ಹಿಡಿಯೋದು ಕಾಲು ಲೀಟರಿನ ಆಸುಪಾಸು ಎಣ್ಣೆ, ಅಷ್ಟೇ. ಅಷ್ಟು ಎಣ್ಣೆ ಕೆಟ್ಟರೆ ಗೇರಿನ ಹಲ್ಲು, ಬೇರಿಂಗು ಎಲ್ಲ ತುಕ್ಕು ಹಿಡಿದು ಒಂದು ದಿನ ನಡುನೀರಲ್ಲಿ ಫ್ಯಾನು ತಿರುಗುವುದೇ ನಿಲ್ಲುತ್ತದೆ.

ಮತ್ತೆ ಕಾಲ ಯಾವುದು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಯಾಂತ್ರಿಕ ಬೋಟುಗಳಿಗೆ ನಿಷೇಧ. 10 ಎಚ್‌ಪಿ ವರೆಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ಬಿಡ್ತಾರೆ. ಮೀನಿಗೆ ರೇಟ್ ಬರೋದೂ ಆಗಲೇ. ಹಾಗಾಗಿ ನಮ್ಮ ಮನೆಯ ಲೆಕ್ಕದಲ್ಲಿ ವರ್ಷ ಅಂದ್ರೆ ಈ ಎರಡು ತಿಂಗಳು. ನನ್ನ ಐದನೇ ಸೆಮಿಸ್ಟರ್ ಫೀಸು ಕೂಡ ಇದರಲ್ಲೇ. ಆದರೆ ಮಳೆಗಾಲದ ಗಂಗೊಳ್ಳಿ ಅಳಿವೆ ನೋಡಿದವರಿಗೆ ಗೊತ್ತು, ಹೊಳೆ ಹೊರಗೆ ತಳ್ಳುತ್ತದೆ, ಕಡಲು ಒಳಗೆ ತಳ್ಳುತ್ತದೆ, ನಡುವಲ್ಲಿ ನಿಂತ ನೀರು ಗೋಡೆ ಥರ ಏಳುತ್ತದೆ. ಅಲ್ಲಿ ಎಂಜಿನ್ ನಿಂತರೆ ಹುಟ್ಟು ಹಾಕಿ ತಪ್ಪಿಸಿಕೊಳ್ಳುವಷ್ಟು ಟೈಮ್ ಇರೋದಿಲ್ಲ.

ಜುಲೈ ಎರಡನೇ ವಾರ ಬೆಳಿಗ್ಗೆ ಹೊಳೆಬದಿಗೆ ಹೋದಾಗ ದೋಣಿಯ ಹಿಂದೆ ನೀರಿನ ಮೇಲೆ ಕಾಮನಬಿಲ್ಲು ಕಂಡಿತು, ಎರಡನೇ ಫೋಟೋ. ಅಪ್ಪಯ್ಯ, "ಸೀಮೆಣ್ಣಿ ಅದ್, ಬಿಡ್" ಅಂದ್ರು. ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ಟೂ ಸ್ಟ್ರೋಕಿನಲ್ಲಿ ಇಂಧನಕ್ಕೇ ಎಣ್ಣೆ ಬೆರೆಸುವುದರಿಂದ ಪೂರ್ತಿ ಸುಡದ ಎಣ್ಣೆ ಹೊಗೆ ದಾರಿಯಲ್ಲಿ ಬಂದು ಫ್ಯಾನಿನ ನಡುವಿಂದ ಕಪ್ಪಗೆ ತೊಟ್ಟಿಕ್ಕುತ್ತದೆ. ಎಷ್ಟೋ ಜನ ಅದನ್ನೇ ಲೀಕ್ ಅಂತ ಹೆದರಿ ಮೆಕ್ಯಾನಿಕ್ ಹತ್ರ ಓಡ್ತಾರೆ. ಬೆರಳಿಗೆ ಹಚ್ಚಿ ನೋಡಬೇಕು. ಹೊಗೆಎಣ್ಣೆ ಕಪ್ಪು, ತೆಳು, ಸೀಮೆಎಣ್ಣೆ ವಾಸನೆ. ಗೇರ್ ಎಣ್ಣೆ ದಪ್ಪ, ಬೆರಳಿನ ಮಧ್ಯೆ ನೂಲು ಥರ ಎಳೆಯುತ್ತದೆ, ಗಂಧಕದ ಕೊಳೆತ ವಾಸನೆ. ನಾನು ಅಪ್ಪಯ್ಯ ಆಚೆ ತಿರುಗಿದಾಗ ಹಚ್ಚಿ ಮೂಸಿದೆ. ಗಂಧಕ.

ಈಗ ಹೇಳಬೇಕಾದ್ದು. ಮೇ ತಿಂಗಳಲ್ಲಿ ಸೀಸನ್ನಿಗೆ ಮೊದಲು ಆ ಎಣ್ಣೆ ಬದಲಿಸಿದ್ದು ನಾನು. ಮೊದಲ ಸಲ ಒಬ್ಬನೇ. ಗೇರ್ ಡಬ್ಬಿಗೆ ಎರಡು ಸ್ಕ್ರೂ, ಕೆಳಗಿಂದು ಎಣ್ಣೆ ಇಳಿಸಲಿಕ್ಕೆ, ಮೇಲಿಂದು ಗಾಳಿಗೆ. ಎರಡಕ್ಕೂ ಒಂದೊಂದು ಸಣ್ಣ ವಾಷರ್. ಹೊಸ ಎಣ್ಣೆಯನ್ನು ಮೇಲಿಂದ ಸುರಿಯೋದಲ್ಲ, ಕೆಳಗಿನ ತೂತಿನಿಂದ ಒತ್ತಿ ಒತ್ತಿ ತುಂಬಿಸಬೇಕು, ಆಗ ಒಳಗಿನ ಗಾಳಿ ಮೇಲಿನ ತೂತಿಂದ ಹೋಗ್ತದೆ. ಗುಳ್ಳೆ ಇಲ್ಲದೆ ಎಣ್ಣೆ ಮೇಲೆ ಬಂತು ಅಂದ್ರೆ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಪಂಪು ತೆಗೆದು ತಟ್ಟನೆ ಕೆಳಗಿಂದು ಮುಚ್ಚೋದು. ಇಷ್ಟೆಲ್ಲ ಸರಿಯಾಗಿಯೇ ಮಾಡಿದೆ. ಆದರೆ ಮೇಲಿನ ವಾಷರ್ ಎಣ್ಣೆ ಕೈಯಿಂದ ಜಾರಿ ಹೊಯಿಗೆಯಲ್ಲಿ ಬಿತ್ತು. ಹತ್ತು ನಿಮಿಷ ಹುಡುಕಿದೆ, ಸಿಗಲಿಲ್ಲ. ಅಂಗಡಿಗೆ ಹೋಗಿ ತರೋದು ಬಿಟ್ಟು, ಸ್ಕ್ರೂ ಗಟ್ಟಿಯಾಗಿ ಬಿಗಿದರೆ ಸಾಕು ಅಂತ ಬಿಗಿದೆ. ಸಂಜೆ ಮ್ಯಾಚಿತ್ತು.

ಓಡುವಾಗ ಗೇರ್ ಡಬ್ಬಿ ಬಿಸಿಯಾಗುತ್ತದೆ, ಒಳಗಿನ ಒತ್ತಡ ಏರಿ ಸಂದು ಸಿಕ್ಕಲ್ಲಿ ಎಣ್ಣೆಯನ್ನು ಹೊರಗೆ ದೂಡುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ತಣ್ಣೀರಲ್ಲಿ ಡಬ್ಬಿ ತಣ್ಣಗಾಗಿ ಅದೇ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಾ ಸ್ವಲ್ಪ ಸ್ವಲ್ಪ. ಇದು ನನಗೆ ಆಗ ಗೊತ್ತಿರಲಿಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ. ವಾಷರ್ ಸುಮ್ಮನೆ ಇಟ್ಟಿರಲ್ಲ ಅನ್ನೋವಷ್ಟಾದ್ರೂ ಗೊತ್ತಿತ್ತು.

ಗಂಧಕದ ವಾಸನೆ ಬಂದ ಮೇಲೂ ಮೂರು ದಿನ ನಾನು ಬಾಯಿ ಬಿಡಲಿಲ್ಲ. ಮೂರು ದಿನ ಅಪ್ಪಯ್ಯ ಮತ್ತು ಅವರ ಜೊತೆ ಬರುವ ಇನ್ನಿಬ್ಬರು ಅದೇ ಎಂಜಿನ್ನಿನಲ್ಲಿ ಅಳಿವೆ ದಾಟಿ ಹೋಗಿ ಬಂದ್ರು. ನಾನು ಕ್ಲಾಸಲ್ಲಿ ಕೂತು ಕಾಸ್ಟಿಂಗ್ ಲೆಕ್ಕ ಬಿಡಿಸ್ತಾ ಪ್ರತಿ ಅರ್ಧ ಗಂಟೆಗೆ ಫೋನ್ ನೋಡ್ತಿದ್ದೆ. ನನ್ನ ಪಕ್ಕ ಕೂರುವವರು ಯಾರ ಮೆಸೇಜಿಗೆ ಕಾಯ್ತಿದ್ದೀಯ ಅಂತ ತಮಾಷೆ ಮಾಡಿದ್ರಲ್ಲ, ಅದು ಇದಕ್ಕೆ.

ನಾಲ್ಕನೇ ದಿನ ರಾತ್ರಿ ಊಟ ಮಾಡುವಾಗ ಹೇಳಿದೆ. ಅಪ್ಪಯ್ಯ ಬೈಯಲಿಲ್ಲ. ಟಾರ್ಚ್ ತಕ್ಕೊಂಡು ಎದ್ದರು. ಮಳೆಯಲ್ಲೇ ಹೋಗಿ ಎಂಜಿನ್ ಬಿಚ್ಚಿ ಹೆಗಲ ಮೇಲೆ ಹೊತ್ತು ತಂದು ಚಾವಡಿಯಲ್ಲಿ ನಿಲ್ಲಿಸಿದೆವು. ಬಟ್ಟೆಯಲ್ಲಿ ಒರೆಸಿ ಕೆಳಗೆ ರಟ್ಟು ಹಾಸಿ ರಾತ್ರಿಯಿಡೀ ಬಿಟ್ಟೆವು. ಎಲ್ಲಿಂದ ಸೋರುತ್ತದೆ ಅಂತ ತಿಳಿಯಲಿಕ್ಕೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಒದ್ದೆ ಎಂಜಿನ್ನಿನಲ್ಲಿ ಎಣ್ಣೆ ಎಲ್ಲ ಕಡೆ ಹರಡಿಕೊಂಡು ದಾರಿ ತಪ್ಪಿಸುತ್ತದೆ. ಬೆಳಿಗ್ಗೆ ನೋಡಿದ್ರೆ ರಟ್ಟಿನ ಮೇಲೆ ಒಂದಲ್ಲ, ಎರಡು ಕಲೆ. ಒಂದು ಸ್ಕ್ರೂ ಕೆಳಗೆ, ಇನ್ನೊಂದು ಫ್ಯಾನಿನ ಕೆಳಗೆ.

ಕೆಳಗಿನ ಸ್ಕ್ರೂ ಬಿಚ್ಚಿದಾಗ ಮೊದಲು ಒಂದೆರಡು ಚಮಚ ಬರೀ ನೀರು ಬಂತು, ಆಮೇಲೆ ಮೊದಲ ಫೋಟೋದ ಚಾ. ಸ್ಕ್ರೂ ತುದಿಯಲ್ಲಿ ಬೂದು ಬಣ್ಣದ ಸಣ್ಣ ಪೇಸ್ಟು ಮಾತ್ರ ಇತ್ತು, ಅದು ಸಹಜ ಸವಕಳಿ. ಕಬ್ಬಿಣದ ಚೂರು ಸಿಕ್ಕಿದ್ರೆ ಗೇರಿನ ಹಲ್ಲು ಹೋಗಿದೆ ಅಂತ. ಅಪ್ಪಯ್ಯ ಆ ಪೇಸ್ಟನ್ನು ಉಗುರಲ್ಲಿ ಕೆರೆದು ಎಷ್ಟು ಹೊತ್ತು ನೋಡಿದ್ರು ಅಂತ ನನಗೆ ನೆನಪಿದೆ.

ಮೆಕ್ಯಾನಿಕ್ ಬಂದು ಫ್ಯಾನು ಬಿಚ್ಚಿದರು. ಪಿನ್ನು, ನಟ್ಟು, ಫ್ಯಾನು, ಅದರ ಹಿಂದಿನ ದಪ್ಪ ವಾಷರು. ಅದರ ಹಿಂದೆ ಶಾಫ್ಟಿಗೆ ಸುತ್ತಿಕೊಂಡು ತಂಗೂಸಿ ನೂಲು, ಮೂರನೇ ಫೋಟೋ. ಬಿಸಿಗೆ ಕರಗಿ ಉಂಗುರದ ಥರ ಗಟ್ಟಿಯಾಗಿತ್ತು. ಶಾಫ್ಟಿಗೆ ಬೆನ್ನಿಗೆ ಬೆನ್ನು ತಾಗಿಸಿ ಎರಡು ರಬ್ಬರ್ ಸೀಲು ಇರುತ್ತದೆ. ಒಂದು ಎಣ್ಣೆಯನ್ನು ಒಳಗೆ ಹಿಡಿಯೋದಕ್ಕೆ, ಇನ್ನೊಂದು ನೀರನ್ನು ಹೊರಗೆ ಹಿಡಿಯೋದಕ್ಕೆ. ನೂಲು ಎರಡರ ತುಟಿಯನ್ನೂ ಕೊಯ್ದಿತ್ತು. ಬಲೆ ಬಿಡುವವರ ಎಂಜಿನ್ನಿಗೆ ಬಲೆಯ ನೂಲೇ ಶತ್ರು, ಏನ್ ಮಾಡ್ತೀರಿ.

ಹೊಸ ಸೀಲು, ಎರಡೂ ಸ್ಕ್ರೂಗೆ ಹೊಸ ವಾಷರು. ಎಣ್ಣೆ ತುಂಬುವ ಮೊದಲು ಅವರು ಮೇಲಿನ ತೂತಿಗೆ ಮೀಟರ್ ಇರುವ ಕೈಪಂಪು ಸಿಕ್ಕಿಸಿ ಹತ್ತು ಪೌಂಡಿನಷ್ಟು ಗಾಳಿ ಕೊಟ್ಟು ಎಲ್ಲ ಕಡೆ ಸೋಪುನೀರು ಹಚ್ಚಿದರು. ಗುಳ್ಳೆ ಎದ್ದಲ್ಲಿ ತೂತು ಅಂತ. ಜಾಸ್ತಿ ಒತ್ತಬಾರದು, ಒಳ್ಳೆ ಸೀಲೇ ಮಗುಚಿ ಹೋಗ್ತದಂತೆ. ಶಾಫ್ಟನ್ನು ಕೈಯಲ್ಲಿ ತಿರುಗಿಸ್ತಾ ಐದು ನಿಮಿಷ ಕಾದೆವು. ಮುಳ್ಳು ಅಲ್ಲಾಡಲಿಲ್ಲ.

"ನೀರು ಹೊಕ್ಕಿದ್ದು ಯಾವುದರಿಂದ, ವಾಷರೋ ನೂಲೋ" ಅಂತ ನಾನೇ ಕೇಳಿದೆ. ಅವರು ತಲೆ ಎತ್ತುವ ಮೊದಲೇ ಅಪ್ಪಯ್ಯ, "ನೂಲೇ ಸೈ" ಅಂದ್ರು. ಮೆಕ್ಯಾನಿಕ್ ಅವರ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿ ಸ್ಪಾನರ್ ಒರೆಸಲಿಕ್ಕೆ ಶುರು ಮಾಡಿದರು. ಆ ಉತ್ತರ ನನಗೆ ಇವತ್ತಿಗೂ ಸಾಕಾಗಿಲ್ಲ. ಆದರೆ ಅಪ್ಪಯ್ಯನ ಹತ್ರ ಮತ್ತೆ ಕೇಳಲಿಕ್ಕೂ ಆಗಲ್ಲ.

ಒಟ್ಟು ನಾಲ್ಕು ದಿನ ಕಡಲಿಗೆ ಹೋಗಲಿಲ್ಲ. ದೋಣಿಯ ಲೆಕ್ಕದ ಪುಸ್ತಕ ಬರೆಯೋದು ನಾನೇ, ಬಿಕಾಂ ಅಂತ ಕೊಟ್ಟ ಕೆಲಸ. ಸೀಲು, ಎಣ್ಣೆ, ಮಜೂರಿ ಎಲ್ಲ ರಿಪೇರಿ ಖರ್ಚಿಗೆ ಹಾಕಿದೆ. ಹೋಗದ ನಾಲ್ಕು ದಿನವನ್ನು ಯಾವ ಹೆಡ್ಡಿಗೆ ಹಾಕಬೇಕು ಅಂತ ನಮ್ಮ ಸರ್ ಹೇಳಿಕೊಟ್ಟಿಲ್ಲ.

ಕೊನೆಯ ಫೋಟೋ ನಿನ್ನೆಯದು. ವಾರ ಓಡಿಸಿದ ಮೇಲೆ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲ ಮಾಡಿ ನಾಲ್ಕು ಹನಿ ಬಿಳಿ ತಟ್ಟೆ ಮೇಲೆ ಬಿಟ್ಟದ್ದು. ಹಿಡಿದ ಕೈ ಅಪ್ಪಯ್ಯಂದು, ಸ್ಕ್ರೂ ತಿರುಗಿಸಿದ್ದು ನಾನು. ಬಣ್ಣ ನೋಡಿ ನೀವೇ ಹೇಳಿ.

ಮುಂದಿನ ಪೋಸ್ಟು ನೀರಿನ ಪಂಪಿನ ಬಗ್ಗೆ, ಇಂಟರ್ನಲ್ಸ್ ಮುಗಿದ ಮೇಲೆ. ನನ್ನ ಕಾಸ್ಟಿಂಗ್ ನೋಟ್ಸ್ ತಕ್ಕೊಂಡು ಹೋದವರು ದಯವಿಟ್ಟು ವಾಪಸ್ ಕೊಡಿ.