ಬಚ್ಚಲ ಗೋಡೆಯ ಬಿರುಕು

ಬೆಂಗಳೂರಿನಿಂದ ಚೆನ್ನೈಯ ದಾರಿ ಹಿಡಿದ ರೈಲು ಸುಮಾರು 70 ಕಿಲೋಮೀಟರು ಸಾಗಿದ ಮೇಲೆ ಬಂಗಾರಪೇಟೆಯನ್ನು ಸೇರುತ್ತದೆ. ಹೆಸರನ್ನು ಕೇಳಿದೊಡನೆ, ಚಿನ್ನ ಸಿಕ್ಕಿದ್ದು ಇಲ್ಲಿಯೇ ಇರಬೇಕೆಂದು ಹೊಸಬರು ಭಾವಿಸುವುದು ಸಹಜ. ಆದರೆ ಈ ಊರು ಮೊದಲು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಅವರ ಹೆಸರನ್ನು ಹೊತ್ತ ಪೇಟೆ. ಮುಂದೆ ಅದೇ ಬಂಗಾರಪೇಟೆಯಾಯಿತು. ಇಂದು ಊರಿನ ಖ್ಯಾತಿಯನ್ನು ಹೊರಗೆ ಒಯ್ದಿರುವುದು ಬಂಗಾರವೂ ಅಲ್ಲ, ಬೌರಿಂಗರೂ ಅಲ್ಲ. ಬಾವಿಯ ನೀರಿನಂತೆ ತಿಳಿಯಾಗಿ ಕಂಡು, ಬಾಯಿಗಿಟ್ಟೊಡನೆ ಕಣ್ಣಲ್ಲಿ ನೀರು ತರಿಸುವ ಪಾನಿಯುಳ್ಳ ಪಾನಿಪೂರಿ.

ಚಿನ್ನದ ಊರಿಗೆ ಹೋಗುವ ಹಳಿ ಇಲ್ಲಿ ಕವಲೊಡೆಯುತ್ತದೆ. ಕೋರಮಂಡಲ, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂನಲ್ಲಿ ಕೊನೆಗೊಳ್ಳುವ ಈ ಚಿಕ್ಕ ಕವಲುಹಾದಿಯನ್ನು 1894ರಲ್ಲಿ ಗಣಿಗಳ ಸಲುವಾಗಿಯೇ ತೆರೆದರು. ಅಂದು ಯಂತ್ರಗಳೂ ಕಲ್ಲಿದ್ದಲೂ ಕೂಲಿಯವರೂ ಈ ಹಳಿಯ ಮೇಲೆ ಒಳಗೆ ಬರುತ್ತಿದ್ದರು. ಇಂದು ಬೆಳಗಾಗುವ ಮೊದಲೇ ಗಣಿಗಾರರ ಮಕ್ಕಳೂ ಮೊಮ್ಮಕ್ಕಳೂ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ಕೆಲಸಗಳಿಗೆ ಇದೇ ಹಳಿಯ ಮೇಲೆ ಹೊರಗೆ ಹೋಗುತ್ತಾರೆ. ರಾತ್ರಿಯ ಊಟದ ಹೊತ್ತಿಗೆ ಮರಳುತ್ತಾರೆ.

ಕೋಲಾರ ಚಿನ್ನದ ಗಣಿ ಎಂದೊಡನೆ ಪ್ರವಾಸಿಗೆ ತೋರಿಸುವ ವಸ್ತುಗಳು ಕೆಲವುಂಟು: ಆಂಗ್ಲರ ಕಾಲದ ಬಂಗಲೆಗಳು, ಕ್ಲಬ್ಬು, ಗಣಿಬಾಯಿಯ ಮೇಲೆ ನಿಂತ ಉಕ್ಕಿನ ಗೋಪುರಗಳು, ಚಿನ್ನ ತೆಗೆದ ಬಳಿಕ ಉಳಿದ ಪುಡಿಯನ್ನು ಸುರಿದು ಸುರಿದು ಗುಡ್ಡಗಳಾಗಿ ಬೆಳೆದ ಸೈನೈಡ್ ದಿಬ್ಬಗಳು. ಇವೆಲ್ಲ ನೋಡತಕ್ಕವೇ. ಆದರೆ ಈ ಊರಿನ ಸಂಸಾರಗಳು ಹೇಗೆ ಬಾಳಿದುವೆಂದು ತಿಳಿಯಬೇಕಾದವರು ಗಣಿ ಕಾರ್ಮಿಕರ ‘ಲೈನು’ಗಳಿಗೆ ಹೋಗಬೇಕು, ಅಲ್ಲಿಯೂ ಮನೆಯ ಮುಂಬಾಗಿಲಿಗಿಂತ ಹಿಂಬದಿಯ ಬಚ್ಚಲ ಗೋಡೆಯನ್ನು ಗಮನಿಸಬೇಕು. ಅಡುಗೆಮನೆಯ ಬಿರುಕನ್ನು ಕ್ಯಾಲೆಂಡರಿನ ಹಿಂದೆ ಮರೆಮಾಡಬಹುದು. ಬಚ್ಚಲಿನ ಬಿರುಕನ್ನು ಮರೆಮಾಡಲಾಗದು. ಅದರೊಳಗೆ ನೀರು ಇಳಿಯುತ್ತದೆ. ಅದರ ಮೂಲಕ ಹೊರಗಿನವರ ಕಣ್ಣು ಇಣುಕುತ್ತದೆ. ಹೆಣ್ಣುಮಕ್ಕಳಿರುವ ಮನೆಗೆ ಅದು ಮಾನದ ಮಾತು.

ಈ ಲೈನುಗಳು ಹುಟ್ಟಿದ್ದೇ ತಾತ್ಕಾಲಿಕವಾಗಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಯ ಆಡಳಿತಕ್ಕೆ ಕೈಹಾಕಿದ ಮೇಲೆ ತಮಿಳುನಾಡಿನ ಉತ್ತರ ಭಾಗದಿಂದಲೂ ಆಂಧ್ರದ ನೆರೆಯ ಸೀಮೆಗಳಿಂದಲೂ ಸಾವಿರಾರು ಜನರು ಬಂದರು. ಅವರಿಗೆ ಸಿಕ್ಕಿದ್ದು ತಟ್ಟಿಯ ಗುಡಿಸಲು. ಬಿದಿರನ್ನು ಸೀಳಿ ಹೆಣೆದ ತಟ್ಟಿಯೇ ಗೋಡೆ. ಅದರ ಮೇಲೆ ಮಣ್ಣಿನ ಮೆತ್ತಿಗೆ. ಇಂದು ನಿಲ್ಲಿಸಿ ನಾಳೆ ಕಿತ್ತುಕೊಂಡು ಹೋಗಬಹುದಾದ ಬಿಡಾರವೆಂದರೆ ಸಲ್ಲುತ್ತದೆ. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರು ದೂರ ತಂತಿ ಎಳೆದು ಗಣಿಗೆ ವಿದ್ಯುತ್ತನ್ನು ತಂದರು. ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ನೀರನ್ನೂ ತಂದರು. ತಟ್ಟಿಯ ಬಿಡಾರಗಳು ಮಾತ್ರ ಬಹುಕಾಲ ಹಾಗೆಯೇ ಉಳಿದುವು. ಒಂದೇ ಕೋಣೆಯ ಮನೆಗೆ ಬಚ್ಚಲೆಂಬುದು ಎಲ್ಲಿಯದು? ಮನೆಯ ಪಕ್ಕದಲ್ಲಿ ತಟ್ಟಿಯನ್ನೋ ತಗಡನ್ನೋ ಮರೆಕಟ್ಟಿ, ನೆಲಕ್ಕೆ ಒಂದು ಚಪ್ಪಡಿ ಹಾಸಿದರೆ ಅದೇ ಬಚ್ಚಲು. ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಆ ತಟ್ಟಿಯ ಜಾಗದಲ್ಲಿ ಒಂಟಿ ಇಟ್ಟಿಗೆಯ ಗೋಡೆ ಏಳುತ್ತಿತ್ತು.

ತೆಳುಗೋಡೆ, ಆಳವಿಲ್ಲದ ತಳಪಾಯ, ದಿನವೂ ಬೀಳುವ ನೀರು: ಈ ಮೂರು ಸೇರಿದರೆ ಯಾವ ಊರಿನಲ್ಲಿಯೂ ಗೋಡೆ ಬಿರಿಯುತ್ತದೆ. ಆದರೆ ಇಲ್ಲಿನ ಗೋಡೆಗಳಿಗೆ ನಾಲ್ಕನೆಯ ಶತ್ರುವೊಂದಿತ್ತು. ಅದು ಇದ್ದದ್ದು ನೆಲದ ಕೆಳಗೆ.

ಚಿನ್ನವಿದ್ದ ಬೆಣಚುಕಲ್ಲಿನ ಪದರವನ್ನು ಅಗೆಯುತ್ತ ಅಗೆಯುತ್ತ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಮೇಲಿನ ಬಂಡೆಯ ಭಾರವಂತೂ ಊಹೆಗೆ ನಿಲುಕದು. ನಡುವಿನ ಕಲ್ಲನ್ನು ತೆಗೆದುಬಿಟ್ಟರೆ ಆ ಭಾರವೆಲ್ಲ ಉಳಿದ ಕಲ್ಲಿನ ಮೇಲೆ ಕುಳಿತುಕೊಳ್ಳುತ್ತದೆ. ಮೆತ್ತನೆಯ ಬಂಡೆಯಾದರೆ ನಿಧಾನವಾಗಿ ಬಾಗೀತು. ಇಲ್ಲಿಯ ಕಲ್ಲು ಗಟ್ಟಿ, ಬಾಗಲೊಲ್ಲದು. ತಡೆಯುವವರೆಗೆ ತಡೆದು ಒಮ್ಮೆಲೇ ಸಿಡಿಯುತ್ತದೆ. ಇದನ್ನೇ ಗಣಿಯವರು ‘ರಾಕ್ ಬರ್ಸ್ಟ್’ ಎಂದರು, ಶಿಲಾಸ್ಫೋಟವೆನ್ನೋಣ. ಕೆಳಗಿದ್ದವರಿಗೆ ಅದು ಮೃತ್ಯು. ಮೇಲಿನ ಲೈನುಗಳಲ್ಲಿ ನೆಲ ಅದುರಿ, ಪಾತ್ರೆಗಳು ಸದ್ದುಮಾಡಿ, ಗೋಡೆಗಳು ಬಿರಿಯುತ್ತಿದ್ದುವು. ಗೋಡೆಯ ಬಿರುಕನ್ನು ನೋಡುವುದಕ್ಕೆ ಮೊದಲು ಹೆಂಗಸರು ಬಾಗಿಲಿಗೆ ಓಡಿಬಂದು, ಆ ಪಾಳಿಯಲ್ಲಿ ಕೆಳಗಿಳಿದವರು ಯಾರು ಯಾರೆಂದು ಲೆಕ್ಕಹಾಕುತ್ತಿದ್ದ ಊರು ಇದು.

ಆಳದಲ್ಲಿಯೂ ದುರಸ್ತಿಯ ಕೆಲಸ ನಡೆದೇ ಇತ್ತು. ಮೊದಲು ಮರದ ದಿಮ್ಮಿಗಳನ್ನು ಆನಿಸಿದರು. ಕಲ್ಲು ತೆಗೆದ ಪೊಳ್ಳಿನಲ್ಲಿ ಕಗ್ಗಲ್ಲನ್ನು ಒತ್ತಾಗಿ ಜೋಡಿಸಿ ಗೋಡೆ ಕಟ್ಟಿದರು. ಉಕ್ಕಿನ ಆಧಾರಗಳನ್ನು ನಿಲ್ಲಿಸಿದರು. ಕಾಂಕ್ರೀಟನ್ನೂ, ಗಿರಣಿಯಲ್ಲಿ ಅರೆದುಳಿದ ಮರಳನ್ನೂ ತುಂಬಿದರು. ಪೊಳ್ಳನ್ನು ಪೊಳ್ಳಾಗಿಯೇ ಬಿಟ್ಟು ಮೇಲ್ಮೈಯನ್ನು ಎಷ್ಟು ಭದ್ರಪಡಿಸಿದರೂ ಫಲವಿಲ್ಲವೆಂಬ ಪಾಠವನ್ನು ಗಣಿ ಹಲವು ಪ್ರಾಣಗಳ ಬೆಲೆ ತೆತ್ತು ಕಲಿಯಿತು. ಈ ಅದುರುಗಳನ್ನು ಅಳೆಯಲು ಯಂತ್ರಗಳ ಜಾಲವನ್ನು ಇಟ್ಟರು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಸ್ಥಾಪನೆಯಾದದ್ದೂ ಈ ಊರಿನಲ್ಲಿಯೇ.

2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿದರು. ಅಗೆತ ನಿಂತಿತು; ನೆಲದ ಅದುರು ಮಾತ್ರ ಪೂರ್ತಿಯಾಗಿ ನಿಲ್ಲಲಿಲ್ಲ. ನೀರೆತ್ತುವ ಪಂಪುಗಳು ನಿಂತ ಮೇಲೆ ಹಳೆಯ ಸುರಂಗಗಳಲ್ಲಿ ನೀರು ಏರತೊಡಗಿತು. ಅದರೊಡನೆ ಭೂಮಿಯೊಳಗಿನ ಒತ್ತಡವೂ ಬದಲಾಯಿತು. ಮುಚ್ಚಿದ ಗಣಿಯೂ ಆಗಾಗ ಮಗ್ಗುಲು ಬದಲಿಸುವುದನ್ನು ಯಂತ್ರಗಳು ದಾಖಲಿಸಿದುವು.

ಹಾಗಾದರೆ ಇಂಥ ನೆಲದ ಮೇಲೆ ಬಿರಿದ ಬಚ್ಚಲ ಗೋಡೆಯನ್ನು ಸರಿಪಡಿಸುವುದು ಹೇಗೆ? ಬಿರುಕು ಕಂಡೊಡನೆ ಒಂದು ಬೊಗಸೆ ಸಿಮೆಂಟು ಕಲಸಿ ಮೆತ್ತುವುದು ಎಲ್ಲರೂ ಮಾಡುವ ಉಪಾಯ. ಮೂರು ತಿಂಗಳಲ್ಲಿ ಅದೇ ಗೆರೆಯಲ್ಲಿ ಅದು ಮತ್ತೆ ಬಾಯಿಬಿಡುತ್ತದೆ. ಮನೆಯಾಕೆ, “ಏನು ಮೇಸ್ತ್ರಿ, ಹೋದ ದೀಪಾವಳಿಗೆ ಬಳಿದದ್ದಲ್ಲವೇ?” ಎನ್ನುತ್ತಾಳೆ. “ಬಳಿದದ್ದು ಗಿಲಾವಿಗೆ ತಾಯಿ, ಬಿರಿದದ್ದು ಗೋಡೆ” ಎನ್ನುವುದು ಅನುಭವಿ ಮೇಸ್ತ್ರಿಯ ಉತ್ತರ. ಆ ಉತ್ತರದಲ್ಲಿ ಶಾಸ್ತ್ರವೆಲ್ಲ ಅಡಗಿದೆ.

ಅವನು ಮೊದಲು ಗೋಡೆಯನ್ನು ಓದುತ್ತಾನೆ. ಕೂದಲೆಳೆಯಂತೆ ಅಡ್ಡಾದಿಡ್ಡಿ ಹರಡಿದ ಗೆರೆಗಳು ಗಿಲಾವು ಒಣಗುವಾಗ ಬಿಟ್ಟವು, ಅವುಗಳಿಗೆ ಹೆದರಬೇಕಾದ್ದಿಲ್ಲ. ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಏರುವ ಬಿರುಕಾದರೆ ತಳಪಾಯ ಕುಸಿದಿದೆ ಅಥವಾ ನೆಲ ಅದುರಿದೆ. ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯಲು ಎಂಜಿನಿಯರರು ಮಾಡುವ ಸುಲಭವಾದ ಪರೀಕ್ಷೆಯೊಂದುಂಟು. ತೆಳ್ಳಗಿನ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿಟ್ಟು ಎರಡು ಕೊನೆಗಳನ್ನೂ ಗಾರೆಯಿಂದ ಕೂರಿಸಿ, ಪಕ್ಕದಲ್ಲಿ ದಿನಾಂಕ ಬರೆಯುತ್ತಾರೆ. ಕೆಲವು ವಾರಗಳಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆಯೆಂದರ್ಥ. ಆಗ ತುಂಬಿ ಪ್ರಯೋಜನವಿಲ್ಲ. ತಳಪಾಯಕ್ಕೆ ಆಧಾರ ಕೊಡಬೇಕು, ಇಲ್ಲವೇ ಗೋಡೆಯನ್ನು ಇಳಿಸಿ ಕಟ್ಟಬೇಕು.

ಗಾಜು ಉಳಿದರೆ ಉಳಿ ಸುತ್ತಿಗೆಗಳ ಕೆಲಸ ಮೊದಲಾಗುತ್ತದೆ. ಬಿರುಕನ್ನು ಮುಚ್ಚುವ ಮೊದಲು ಅದನ್ನು ಇನ್ನಷ್ಟು ಅಗಲ ಮಾಡಬೇಕೆಂಬುದು ಮನೆಯವರಿಗೆ ವಿಚಿತ್ರವಾಗಿ ತೋರುತ್ತದೆ. ಎರಡು ಬದಿಯ ಸಡಿಲ ಗಿಲಾವನ್ನು ಗಟ್ಟಿ ಸಿಗುವವರೆಗೆ ಕೆತ್ತಿ, ಧೂಳನ್ನು ಗುಡಿಸಿ, ಚೆನ್ನಾಗಿ ನೀರುಣಿಸಿ, ಸಂದಿನ ಆಳಕ್ಕೆ ಮುಟ್ಟುವಂತೆ ಮಾಲನ್ನು ಕರಣೆಯಿಂದ ಒತ್ತುತ್ತಾರೆ. ಅದರ ಮೇಲೆ ಬಿರುಕಿನ ಎರಡೂ ಕಡೆಗೆ ಒಂದೊಂದು ಗೇಣು ಚಾಚುವಂತೆ ತಂತಿಯ ಬಲೆಯನ್ನು ಮೊಳೆ ಹೊಡೆದು ಬಿಗಿದು, ಆಮೇಲೆ ಗಿಲಾವು. ಮಣ್ಣು ಅಥವಾ ಸುಣ್ಣದ ಹಳೆಯ ಗೋಡೆಯಾದರೆ ಬರಿಯ ಸಿಮೆಂಟಿನ ಬಿರುಸು ಗಿಲಾವು ಅದಕ್ಕೆ ಒಗ್ಗದು. ಹಲಗೆಯಂತೆ ಕಳಚಿ ಬೀಳುತ್ತದೆ. ಅಲ್ಲಿ ಸುಣ್ಣದ ಗಾರೆಯೇ ಸರಿ. ಕೊನೆಯಲ್ಲಿ ಒಂದು ವಾರವಾದರೂ ನೀರು ಹಾಕಿ ತೇವವಾಗಿಡಬೇಕು. ಆ ವಾರ ಬಚ್ಚಲಿಗೆ ಬೇರೆ ಏರ್ಪಾಡಾಗಬೇಕಾದ್ದರಿಂದ ಅನೇಕರು ಎರಡನೆಯ ದಿನವೇ ಹಂಡೆಗೆ ಉರಿ ಹಾಕುತ್ತಾರೆ. ಕೆಲಸ ಕೆಡುವುದು ಬಹುಮಟ್ಟಿಗೆ ಅಲ್ಲಿಯೇ.

ಇಷ್ಟಾದರೂ ನೀರಿಗೆ ದಾರಿ ಮಾಡದಿದ್ದರೆ ಎಲ್ಲವೂ ವ್ಯರ್ಥ. ನೆಲ ಗೋಡೆಯ ಕಡೆಗಲ್ಲ, ತೂಬಿನ ಕಡೆಗೆ ಇಳಿಜಾರಾಗಿರಬೇಕು; ನೆಲವೂ ಗೋಡೆಯೂ ಕೂಡುವ ಮೂಲೆಯನ್ನು ದುಂಡಗೆ ಮಾಡಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಕೋಲಾರ ಸೀಮೆಯವರಿಗೆ ಇದಕ್ಕೊಂದು ಹಳೆಯ ಉಪಾಯ ಗೊತ್ತು. ಈ ನೆಲದಲ್ಲಿ ಚಪ್ಪಡಿಗೆ ಬರವಿಲ್ಲ. ಬಚ್ಚಲಿನ ಒಳಬದಿಗೆ ಎದೆಯೆತ್ತರದ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಸಂದು ಬಳಿದರೆ ನೀರಿನ ಏಟನ್ನು ಕಲ್ಲು ತಿನ್ನುತ್ತದೆ. ಹಿಂದಿನ ತೆಳುಗೋಡೆ ಬದುಕಿಕೊಳ್ಳುತ್ತದೆ.

ಇಷ್ಟೆಲ್ಲ ತಿಳಿದಿದ್ದರೂ ಲೈನಿನ ಸಂಸಾರಗಳನ್ನು ತಡೆದ ಪ್ರಶ್ನೆ ಬೇರೊಂದು. ಮನೆ ಯಾರದು? ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರಕ್ಕೂ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೂ ಸೇರಿದುವು. ಒಡೆಯರು ಬದಲಾದರು, ಮನೆ ಮಾತ್ರ ಕಂಪನಿಯ ಮನೆಯಾಗಿಯೇ ಉಳಿಯಿತು. ಗಣಿ ನಡೆಯುತ್ತಿದ್ದಾಗ ಕೆಲಸವಿದ್ದಷ್ಟು ಕಾಲ ಮನೆ. ಗಣಿ ಮುಚ್ಚಿದ ಮೇಲೆ ಕೆಲಸವಿಲ್ಲ, ಹೋಗಲು ಬೇರೆ ಊರಿಲ್ಲ. ತಾತನ ಊರಿನಲ್ಲಿ ಗುರುತು ಹಿಡಿಯುವವರೂ ಇಲ್ಲ. ತನ್ನ ಹೆಸರಿನಲ್ಲಿಲ್ಲದ ಗೋಡೆಗೆ, ಬೆಂಗಳೂರಿನಲ್ಲಿ ದುಡಿದು ತಂದ ಸಂಬಳದಿಂದ ಸಿಮೆಂಟು ತರುವುದೆಂದರೆ ಲೆಕ್ಕ ತಿಳಿದವರು ಮಾಡುವ ಕೆಲಸವಲ್ಲ. ಕಂಪನಿ ಮಾಡಿಸಲೆಂದು ಕಾದರೆ ಗೋಡೆ ಕಾಯುವುದಿಲ್ಲ.

ಆದರೂ ಲೈನುಗಳಲ್ಲಿ ನಡೆದು ನೋಡಿದರೆ ಹೊಸ ಗಿಲಾವಿನ ಪಟ್ಟಿಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಒಂದೇ ಗೋಡೆಯಲ್ಲಿ ತಟ್ಟಿಯ ತುಂಡೊಂದು, ಹಳೆಯ ಸುಣ್ಣ, ನಡುವೆ ಇಟ್ಟಿಗೆ, ಮೇಲೆ ಸಿಮೆಂಟು, ಬುಡಕ್ಕೆ ಚಪ್ಪಡಿ: ತಾತ, ತಂದೆ, ಮಗ ಒಬ್ಬೊಬ್ಬರೂ ತಮ್ಮ ಕಾಲದಲ್ಲಿ ಕೈಗೆ ದೊರೆತುದನ್ನು ಸೇರಿಸಿದ್ದಾರೆ. ಈ ನೆಲದಿಂದ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. ಅದನ್ನು ತೆಗೆದವರ ಮನೆಗಳಲ್ಲಿ ಚಿನ್ನ ಉಳಿಯಲಿಲ್ಲ. ಉಳಿದದ್ದು ಗೋಡೆ, ಅದನ್ನು ನಿಲ್ಲಿಸಿಕೊಂಡು ಬಂದವರು ಅವರೇ. ಕೋಲಾರ ಚಿನ್ನದ ಗಣಿಯನ್ನು ನೋಡಲು ಹೋದವರು ಗೋಪುರಗಳಿಗೆ ಕತ್ತೆತ್ತುವ ಮೊದಲು ಆ ಮನೆಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು. ಸಂಜೆಯ ಗಾಡಿ ಮಾರಿಕುಪ್ಪಂಗೆ ಬರುವ ಹೊತ್ತಿಗೆ ಅಲ್ಲಿ ಹಂಡೆಯ ಕೆಳಗೆ ಉರಿ ಹೊತ್ತಿರುತ್ತದೆ. ಬೆಂಗಳೂರಿನಿಂದ ದಣಿದು ಬರುವವರಿಗೆ ಬಿಸಿನೀರು ಕಾದಿರುತ್ತದೆ.