ಸೈಕಲ್ ಮೇಲೆ ಬೆಂಗಳೂರು

ಫೋನ್ ಮಾಡಿದೋರೆಲ್ಲಾ ಒಂದೇ ಮಾತು ಕೇಳ್ತೀರ: "ಅಲ್ಲ ಕಣೆ, ಈ ವಯಸ್ನಲ್ಲಿ ಅಷ್ಟು ದೊಡ್ಡೂರಲ್ಲಿ ಸೈಕಲ್ ತುಳೀತೀಯಂತೆ, ನಿಜವಾ?" ನಿಜ ಕಣ್ರವ್ವಾ. ಭಾನುವಾರ ಮಾತ್ರ, ಬೆಳಗ್ಗೆ ಆರರಿಂದ ಒಂಬತ್ತರ ತನಕ. ಹಿಂದಿನ ರಾತ್ರೀನೇ ಇಡ್ಲಿ ಹಿಟ್ಟು ರುಬ್ಬಿಟ್ಟಿರ್ತೀನಿ, ಮನೆಯೋರು ಏಳೋ ಹೊತ್ತಿಗೆ ಬಂದಿರ್ತೀನಿ.

ಮಲ್ಲೇಶ್ವರದಿಂದ ಹೊರಟು ಸ್ಯಾಂಕಿ ಕೆರೆ ಪಕ್ಕ ಹಾದು, ವಿಧಾನಸೌಧ ದಾಟಿದ್ರೆ ಕಬ್ಬನ್ ಪಾರ್ಕ್. ಭಾನುವಾರ ಅದರೊಳಗೆ ಮೋಟಾರು ಗಾಡಿ ಬಿಡಲ್ಲ. ಬಿದಿರು ಮೆಳೆ, ದೊಡ್ಡ ದೊಡ್ಡ ಮರ, ಹಕ್ಕಿ ಕೂಗು. ನಮ್ಮ ತೋಟದ ದಾರೀಲಿ ಹೋದಂಗೆ ಇರುತ್ತೆ.

ಅಲ್ಲಿ ಕೆಂಪು ಬಣ್ಣದ ಲೈಬ್ರರಿ ಮುಂದೆ ದಿವಾನ್ ಶೇಷಾದ್ರಿ ಅಯ್ಯರ್ ಪ್ರತಿಮೆ ಐತೆ. ನಮ್ಮ ಮಾರಿಕಣಿವೆ ಕಟ್ಟೆ ಕೆಲಸ ಶುರುವಾಗಿದ್ದು ಅವರ ಕಾಲದಲ್ಲಿ, ಮುಗಿದಿದ್ದು 1907ರಲ್ಲಿ. ಶುರುವಾದಾಗ ಮೈಸೂರು ರಾಜ್ಯ ಆಳ್ತಿದ್ದೋರು ಒಬ್ಬ ಹೆಣ್ಮಗಳು, ವಾಣಿವಿಲಾಸ ಸನ್ನಿಧಾನ. ಚಿಕ್ಕ ಮಗನ ಪರವಾಗಿ ಅಷ್ಟು ದೊಡ್ಡ ರಾಜ್ಯ ನಡೆಸಿದ್ರು. ನಾವು ಸೈಕಲ್ ತುಳಿದ್ರೆ "ಜನ ಏನಂತಾರೆ" ಅಂತೀವಲ್ಲ!

ಅಲ್ಲಿಂದ ಲಾಲ್‌ಬಾಗ್. ಸೈಕಲ್ ಗೇಟ್ ಹತ್ರ ಬೀಗ ಹಾಕಿ ಒಳಗೆ ನಡೀತೀನಿ. ಗಾಜಿನ ಮನೆಗೆ ಅಡಿಪಾಯ ಹಾಕಿದ್ದು 1889ರಲ್ಲಿ. ಅದನ್ನ ನೋಡ್ದಾಗೆಲ್ಲ ನಮ್ಮ ಮತ್ತೋಡೇ ನೆನಪಾಗುತ್ತೆ. ಒಂದು ಕಾಲಕ್ಕೆ ನಮ್ಮೂರು ಗಾಜಿನ ಬಳೆಗೆ ಹೆಸರಾಗಿತ್ತು ಅಂತ ನಿಮಗೆಲ್ಲ ಗೊತ್ತಲ್ಲ. ಪಕ್ಕದ ಬಂಡೆ ಹತ್ತಿದ್ರೆ ಕೆಂಪೇಗೌಡರ ಗೋಪುರ. ಆ ಬಂಡೆ ವಯಸ್ಸು ಸುಮಾರು 300 ಕೋಟಿ ವರ್ಷ ಅಂತ ಬೋರ್ಡಲ್ಲಿ ಬರೆದವ್ರೆ. ಅದರ ಮೇಲೆ ಕೂತ್ರೆ ನನ್ನ ವಯಸ್ಸು ಒಂದು ವಯಸ್ಸೇ ಅಲ್ಲ ಅನ್ಸುತ್ತೆ.

ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಇದನ್ನೆಲ್ಲ ಮೊದಲೂ ನೋಡಿದ್ದೆ, ಆದ್ರೆ ಯಾರದೋ ಗಾಡಿ ಹಿಂದೆ ಕೂತು, ಅವರು ನಿಲ್ಸಿದ ಕಡೆ ಇಳಿದು, "ನಡಿ" ಅಂದಾಗ ಹೊರಟು. ಈಗ ಬೇಕಾದ ಕಡೆ ಕಾಲು ಊರಿ ನಿಲ್ತೀನಿ. ವ್ಯತ್ಯಾಸ ಇಷ್ಟೇ, ಆದ್ರೆ ಇದು ಸಣ್ಣದಲ್ಲ.

ಶುರು ಮಾಡೋರಿಗೆ ಎರಡು ಮಾತು: ಅಡ್ಡ ಕಂಬಿ ಇಲ್ಲದ ಲೇಡೀಸ್ ಸೈಕಲ್ಲೇ ಇರ್ಲಿ; ದುಪ್ಪಟ್ಟಾನ ಸೊಂಟಕ್ಕೆ ಬಿಗಿಯಾಗಿ ಕಟ್ಕೊಳ್ಳಿ, ಚಕ್ರಕ್ಕೆ ಸಿಕ್ಕಬಾರ್ದು. ಎಂಟನೇ ಕ್ಲಾಸಲ್ಲಿ ಮಗಳಿಗೆ ಸರ್ಕಾರ ಕೊಟ್ಟ ಸೈಕಲ್ ಎಷ್ಟು ಮನೆ ಹಿತ್ತಿಲಲ್ಲಿ ತುಕ್ಕು ಹಿಡೀತಿಲ್ಲ? ಅದಕ್ಕೊಂದು ಸಲ ಗಾಳಿ ಹೊಡಿಸ್ರವ್ವಾ. ಮೊದಲು ಊರ ಬಾಗ್ಲ ತನಕ ಹೋಗ್ಬನ್ನಿ, ಸಾಕು.